ನಮ್ಮ ವಿಳಾಸ ಕೇರಿ

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳು)

ಬಾಲ್ಯದ ನೆನಪು ಅಂದಕೂಡಲೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ತೊಟ್ಟಿಮನೆ ಬರುತ್ತದೆ. ತುಳಸಿಕಟ್ಟೆ, ಹಸು ಕರು, ಸಂಜೆಯ ದೀಪ, ಕತೆ ಹೇಳುವ ಅಜ್ಜಿ. ಅದನ್ನೇ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಪಾಸಾದವರು ನಾವು. ನಮ್ಮ ಬಾಲ್ಯದ ಮೇಲೆ ಯಾವ ಮೇಷ್ಟ್ರೂ ಪ್ರಶ್ನೆ ಕೇಳಲಿಲ್ಲ. ಆದ್ದರಿಂದ ಪ್ರಶ್ನೆಯನ್ನೂ ನಾವೇ ಹಾಕಿಕೊಂಡು ಉತ್ತರವನ್ನೂ ನಾವೇ ಹೇಳಬೇಕಾಗಿದೆ.

ನಾವು ಪೂರಾ ಹಳ್ಳಿಯವರೂ ಅಲ್ಲ, ಪೂರಾ ಪೇಟೆಯವರೂ ಅಲ್ಲ. ಬೆಂಗಳೂರು ಬೆಳೀತಾ ಬೆಳೀತಾ ನುಂಗಿಕೊಂಡ ಹಳ್ಳಿಯೊಂದರ ಹೊಲಗೇರಿಯಲ್ಲಿ ಹುಟ್ಟಿದವರು. ನಗರವನ್ನು ಬೆಳೆಸುವುದಕ್ಕೆ 1945ರಲ್ಲಿ ಸಿಐಟಿಬಿ ಆಯಿತು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಸುತ್ತಲ ರಾಗಿ ಹೊಲಗಳು ಸೈಟುಗಳಾದವು, ಓಣಿಗಳು ಮೇನುಗಳು ಕ್ರಾಸುಗಳಾದವು. ನಮ್ಮ ಕೇರಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಮೊದಲು ಊರಿನ ಹೊರಗಿದ್ದೆವು. ಆಮೇಲೆ ಬಡಾವಣೆಯ ಹೊರಗಿದ್ದೆವು. ನಾವು ಒಂದು ಹೆಜ್ಜೆಯೂ ಕದಲದೆ ಎರಡು ಸಲ ಹೊರಗಿನವರಾದೆವು.

ನೀರಿನಿಂದಲೇ ಶುರು ಮಾಡೋಣ. ಊರಬಾವಿ ನಮ್ಮದಾಗಿರಲಿಲ್ಲ. ಬೀದಿ ಕೊಳಾಯಿ ಬಂದಾಗ, ಕೊಳಾಯಿಗೆ ಜಾತಿ ಇಲ್ಲ ಅಂತ ನಾವು ಹುಡುಗರು ಕುಣಿದಾಡಿದೆವು. ಕೊಳಾಯಿಗೆ ಇರಲಿಲ್ಲ, ಸರದಿಗಿತ್ತು. ನಮ್ಮ ಅವ್ವಂದಿರು ಕೊಡ ಇಟ್ಟುಕೊಂಡು ಕಾಯಬೇಕು. ಅವರು ಹಿಡಿದು ಹೋದ ಮೇಲೆ ಮೇಲಿನ ಬೀದಿ ಹೆಂಗಸರು ಬಂದು ಹುಣಸೆಹಣ್ಣಿನಲ್ಲಿ ನಲ್ಲಿಯ ಮೂತಿ ತಿಕ್ಕಿ, ನೀರು ಹೊಯ್ದು, ಆಮೇಲೆ ತಮ್ಮ ಕೊಡ ಇಡುವರು. ಭೂಮಿಯೊಳಗಿನ ಪೈಪಿನಲ್ಲಿ ಆ ನೀರು ಯಾರ್ಯಾರ ಮನೆ ಮುಂದೆ ಹಾದು ಬಂತೋ ಅದನ್ನು ತಿಕ್ಕೋದಕ್ಕೆ ಆಗುತ್ತದೆಯೆ?

ನಮ್ಮ ಅಪ್ಪಂದಿರು ಗಾರೆ ಕೆಲಸದವರು. ಆ ಬಡಾವಣೆಯ ಪಾಯ ತೋಡಿದವರು, ಕಲ್ಲು ಹೊತ್ತವರು, ಮೋಲ್ಡ್ ಹಾಕಿದವರು ಅವರೇ. ಮನೆ ಏಳುವ ತನಕ ಸಿಮೆಂಟಿನ ಮೂಟೆ ಕಾಯುವುದಕ್ಕೆ ಅಪ್ಪನ ಜೊತೆ ನಾವೂ ಅದರೊಳಗೇ ಮಲಗಿದ್ದೇವೆ. ದೇವರ ಕೋಣೆ ಅಂತ ಗುರುತು ಹಾಕಿದ್ದ ಜಾಗದಲ್ಲೇ ಕೂತು ಮುದ್ದೆ ಉಪ್ಪೆಸರು ಉಂಡಿದ್ದೇವೆ. ಗೃಹಪ್ರವೇಶದ ದಿನ ಹಸು ಒಳಗೆ ಹೋಯಿತು, ನಾವು ಹೊರಗೆ ಬಂದೆವು.

ಮಾರನೆ ದಿನದಿಂದ ಅದೇ ಮನೆಯಲ್ಲಿ ಅವ್ವನಿಗೆ ಮುಸುರೆ ತಿಕ್ಕುವ ಕೆಲಸ. ಹೋಗುವುದು ಹಿಂದಿನ ಬಾಗಿಲಿಂದ. ಕಾಫಿಗೆ ಕಿಟಕಿ ಮೇಲೆ ಬೇರೆ ಒಂದು ಅಲ್ಯೂಮಿನಿಯಂ ಲೋಟ. ಮನೆಯ ಪಾತ್ರೆಯನ್ನೆಲ್ಲ ತೊಳೆಯುವುದು ಅವ್ವನ ಕೈ. ಆದರೆ ಅವ್ವ ಕುಡಿದ ಲೋಟ ಆ ಪಾತ್ರೆಗಳ ಜೊತೆ ಸೇರಕೂಡದು! ಇದಕ್ಕಿಂತ ದೊಡ್ಡ ತರ್ಕಶಾಸ್ತ್ರವನ್ನು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ? 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ರದ್ದು ಎಂದಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆ ಬಂತು. ನಾವು ಹುಟ್ಟಿದ್ದು ಅದಾದ ಮೇಲೆ. ನಾವು ಹುಟ್ಟಿದಾಗಲೂ ಲೋಟ ಕಿಟಕಿ ಮೇಲೇ ಇತ್ತು. ಹಳೇ ಕತೆ ಅಂತ ನಗಬೇಡಿ. ಕೆಲಸದವರಿಗೆ ಬೇರೆ ಲಿಫ್ಟ್ ಇಟ್ಟಿರುವ ಅಪಾರ್ಟ್‌ಮೆಂಟುಗಳು ಇವತ್ತಿಗೂ ಇವೆ. ಲೋಟ ಲಿಫ್ಟಾಗಿದೆ, ಅಷ್ಟೆ.

ಕೇರಿಯೊಳಗೂ ಒಂದು ಗೆರೆ ಇತ್ತು. ಅದನ್ನು ಮುಚ್ಚಿಟ್ಟು ಮಾತಾಡುವುದು ನ್ಯಾಯವಲ್ಲ. ಪಾಯಿಖಾನೆ ಬಳಿಯುವ, ಬೀದಿ ಗುಡಿಸುವ ತೆಲುಗು ಮಾತಿನ ಕುಟುಂಬಗಳು ಮೋರಿಯ ಆಚೆಗಿದ್ದವು. ಅವರ ಮನೆಯಲ್ಲಿ ನಮ್ಮ ಹಿರಿಯರು ನೀರು ಕುಡಿಯುತ್ತಿರಲಿಲ್ಲ. ಮನುಧರ್ಮದ ಜಾಣತನವೇ ಇದು: ತುಳಿಸಿಕೊಂಡವನಿಗೂ ತುಳಿಯೋದಕ್ಕೆ ಒಬ್ಬನನ್ನು ತೋರಿಸುತ್ತದೆ. 1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಮಲ ಹೊರಿಸುವುದರ ವಿರುದ್ಧ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೇಂದ್ರ ಕಾಯ್ದೆ ಬಂತು. ತಲೆಯ ಮೇಲಿನ ಡಬ್ಬ ಇಳಿಯಿತು. ಮ್ಯಾನ್‌ಹೋಲಿಗೆ ಮನುಷ್ಯ ಇಳಿದು ಸಾಯುವುದು ಮಾತ್ರ ನಿಂತಿಲ್ಲ.

ಹಾಗಂತ ನಮ್ಮ ಬಾಲ್ಯವೆಲ್ಲ ಬರೀ ಕಣ್ಣೀರಲ್ಲ. ಅಳುವವರನ್ನು ನೋಡಿ ಕರುಣೆ ತೋರಿಸೋರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಆ ಸುಖ ಕೊಡುವುದು ಬೇಡ. ಮಾರಿಹಬ್ಬದಲ್ಲಿ ಸೌದೆ ಬೆಂಕಿಗೆ ತಮಟೆ ಕಾಯಿಸುವಾಗ ಬರುವ ಆ ಚರ್ಮದ ವಾಸನೆ, ಗುಡಿಸಲ ಮೇಲೆ ಒಣಗುತ್ತಿದ್ದ ಬಾಡಿಗೆ ಕಾಗೆ ಬಾರದಂತೆ ಕಾಯುವ ಕೆಲಸ, ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹೇಳುತ್ತಿದ್ದ ಅಜ್ಜಿ. ನಮಗೂ ಅಜ್ಜಿ ಇದ್ದಳು ಕಣ್ರಪ್ಪ! ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕೇರಿಯ ಯಾವ ಮನೆಯ ಹೊಲ ಯಾವ ಬೇಲಿಯಿಂದ ಯಾವ ಬೇಲಿ ತನಕ ಇತ್ತು ಅಂತ ಕೂತಲ್ಲೇ ಹೇಳುತ್ತಿದ್ದಳು.

ಇಂಥ ನೆನಪು ಏನು ಮಾಡಬಲ್ಲದು ಅನ್ನುವುದಕ್ಕೆ ಬಾಬಾಸಾಹೇಬರನ್ನು ನೋಡಿ. ಸಾತಾರದ ಶಾಲೆಯಲ್ಲಿ ಕೂರುವುದಕ್ಕೆ ಅವರು ಮನೆಯಿಂದ ಗೋಣಿತಾಟು ಒಯ್ಯಬೇಕಿತ್ತು, ಸಂಜೆ ಅದನ್ನು ವಾಪಸು ತರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಅವನು ಬಾರದಿದ್ದರೆ ಬಾಯಾರಿಕೆ. ಆಮೇಲೆ ಮುಂಬಯಿಯ ಪರೇಲಿನಲ್ಲಿ, ಗಿರಣಿ ಕಾರ್ಮಿಕರ ಚಾಳಿನ ಒಂದೇ ಕೋಣೆಯಲ್ಲಿ ಓದಿ 1907ರಲ್ಲಿ ಮೆಟ್ರಿಕ್ ಪಾಸಾದರು. ಅಷ್ಟು ದೊಡ್ಡ ವಿದ್ವಾಂಸರಾದ ಮೇಲೂ ಆ ಗೋಣಿತಾಟನ್ನು ಮರೆಯಲಿಲ್ಲ, ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಬರೆದಿಟ್ಟರು. ಅದು ಪುಸ್ತಕವಾಗಿ ಬಂದದ್ದು 1990ರಲ್ಲಿ, ಅವರು ತೀರಿಕೊಂಡು 34 ವರ್ಷವಾದ ಮೇಲೆ. ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರು ‘ಊರುಕೇರಿ’ ಬರೆದಾಗ ಹಾಸ್ಟೆಲಿನ ನೆನಪುಗಳೂ ಕನ್ನಡ ಸಾಹಿತ್ಯದೊಳಕ್ಕೆ ಬಂದವು.

ಈಗ ನಿಮ್ಮ ವಿಷಯಕ್ಕೆ ಬರೋಣ. ಮನೆ ಎಲ್ಲಿ ಅಂತ ಕ್ಲಾಸಿನಲ್ಲಿ ಕೇಳಿದರೆ ನಮ್ಮ ಹುಡುಗರು ಬಡಾವಣೆಯ ಹೆಸರು ಹೇಳುತ್ತಾರೆ, ಕೇರಿಯ ಹೆಸರು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅಂತ ನಮಗೆ ಗೊತ್ತು. ಹೇಳಿದ ಕೂಡಲೆ ಬಾಡಿಗೆ ರೂಮು ಸಿಗುವುದಿಲ್ಲ, ಪಕ್ಕದ ಹುಡುಗನ ಮುಖ ಬದಲಾಗುತ್ತದೆ. ನಾಚಬೇಕಾದವರು ಕೊಡ ಇಟ್ಟು ಕಾದವರಲ್ಲ, ನಲ್ಲಿ ತಿಕ್ಕಿದವರು. ಆ ನಾಚಿಕೆಯನ್ನು ಅವರಿಗೇ ವಾಪಸು ಕೊಡೋಣ.

ಇನ್ನೊಂದು ಮಾತು. ವಿಳಾಸ ಮರೆತರೆ ಹೋಗುವುದು ಮರ್ಯಾದೆ ಮಾತ್ರವಲ್ಲ, ಜಮೀನೂ ಹೋಗುತ್ತದೆ. ಸರ್ಕಾರ ನಮ್ಮ ಜನರಿಗೆ ಮಂಜೂರು ಮಾಡಿದ ಎಷ್ಟೋ ಜಮೀನು ಸಾಲಕ್ಕೆ, ಹೆಂಡಕ್ಕೆ, ಹೆಬ್ಬೆಟ್ಟಿಗೆ ಕೈಬಿಟ್ಟು ಸೈಟುಗಳಾಗಿವೆ. ಅದನ್ನು ಬಿಡಿಸಿಕೊಡಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಅರ್ಜಿ ತಡವಾಗಿರಬಾರದು, ನ್ಯಾಯವಾದ ಅವಧಿಯೊಳಗೆ ಬರಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ 2023ರಲ್ಲಿ ನಮ್ಮ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದಿತು. ತೋಟಿ ತಳವಾರಿಕೆಯಿಂದ ಬಂದ ಇನಾಂ ಜಮೀನು ಈ ಕಾಯ್ದೆಗೆ ಸೇರುವುದಿಲ್ಲ. ಅದಕ್ಕೆ ಗ್ರಾಮ ಹುದ್ದೆಗಳ ರದ್ದತಿಯ 1961ರ ಕಾಯ್ದೆ ಬೇರೆ ಇದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಅಲೆದಾಟ. ಹೆಬ್ಬೆಟ್ಟು ಒತ್ತಿದ ಅಜ್ಜನ ಮೊಮ್ಮಗ ಡಿಗ್ರಿ ಓದುತ್ತಿದ್ದಾನೆ ಅಂದಮೇಲೆ ಈ ಕಾಯ್ದೆಗಳನ್ನು ಓದಬೇಕಾದವನು ಅವನೇ.

ಆದ್ದರಿಂದ ಗೆಳೆಯರೆ, ರಜಕ್ಕೆ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಅಜ್ಜಿಯ ಪಕ್ಕ ಕೂತು ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಟ್ರಂಕಿನ ತಳದಲ್ಲಿರುವ ಮಂಜೂರಾತಿ ಪತ್ರ, ಸಾಗುವಳಿ ಚೀಟಿ ತೆಗೆದು ಸರ್ವೆ ನಂಬರ್ ಗುರುತು ಮಾಡಿ, ತಾಲ್ಲೂಕು ಕಚೇರಿಯಿಂದ ಪಹಣಿ ತೆಗೆಸಿ ನೋಡಿ. ಮೋರಿಯ ಆಚೆಗಿನ ಮನೆಗೂ ಹೋಗಿ ನೀರು ಕೇಳಿ ಕುಡಿದು, ಅವರ ಮಾತನ್ನೂ ಬರೆದುಕೊಳ್ಳಿ.

ಬರೆದದ್ದನ್ನು ಹಾಸ್ಟೆಲಿಗೆ ತನ್ನಿ, ಎಲ್ಲರೂ ಕೂತು ಓದೋಣ. ಆ ನೋಟ್‌ಬುಕ್ಕಿನ ಮೇಲೆ ವಿಳಾಸ ಬರೆಯುವಾಗ ಕೇರಿಯ ಹೆಸರನ್ನು ಪೂರ್ತಿಯಾಗಿ ಬರೆಯಿರಿ.

ಜೈಭೀಮ್.