ಸಾರಜನಕದ ಲೆಕ್ಕ: ಬೆಂಗಳೂರಿನ ಗಾಳಿ, ಮುಡಬಿಯ ಹೊಲ

(ಮುಡಬಿಯ ರೈತರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ತೊಗರಿ ಬೆಳೆಯುವ ಈ ಸೀಮೆಯ ರೈತರಿಗೆ ಮಲೆನಾಡಿನಿಂದ ಬಂದ ನಾನು ಸಾರಜನಕದ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಾಳಿಯಲ್ಲಿ ಶೇಕಡ 78ರಷ್ಟಿರುವ ಈ ಅನಿಲವನ್ನು ತೊಗರಿಯ ಬೇರುಗಂಟಿನ ಸೂಕ್ಷ್ಮಜೀವಿಗಳು ಸದ್ದಿಲ್ಲದೆ ಸಸ್ಯಕ್ಕೂ ಮಣ್ಣಿಗೂ ಒದಗಿಸುತ್ತವೆ. ಆ ರೂಪದಲ್ಲಿ ಅದು ಅನ್ನ. ಅದೇ ಸಾರಜನಕ ವಾಹನಗಳ ಮತ್ತು ಡೀಸೆಲ್ ಜನರೇಟರುಗಳ ತೀವ್ರ ಶಾಖದಲ್ಲಿ ಆಮ್ಲಜನಕದೊಡನೆ ಕೂಡಿದಾಗ ನೈಟ್ರಿಕ್ ಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್‌ಗಳು ಹುಟ್ಟುತ್ತವೆ. ಎರಡನೆಯದು ಶ್ವಾಸನಾಳವನ್ನು ಕೆರಳಿಸಿ ಮಕ್ಕಳ ಉಬ್ಬಸವನ್ನು ಹೆಚ್ಚಿಸುತ್ತದೆ.

ಬೆಂಗಳೂರಿನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ಎರಡು ಬಗೆಯಲ್ಲಿ ಅಳೆಯುತ್ತ ಬಂದಿದೆ. ಗಾಳಿಯನ್ನು ಕ್ಷಾರದ್ರಾವಣದ ಮೂಲಕ ಹಾಯಿಸಿ, ಪ್ರಯೋಗಶಾಲೆಯಲ್ಲಿ ಮೂಡಿಸುವ ಗುಲಾಬಿ ಬಣ್ಣದ ಗಾಢತೆಯಿಂದ ಪ್ರಮಾಣ ತಿಳಿಯುವುದು ಒಂದು. ಇದು ವಾರಕ್ಕೆರಡು ದಿನ, ವರ್ಷಕ್ಕೆ 104 ದಿನಗಳ ಲೆಕ್ಕ. ಉಳಿದ ದಿನಗಳ ಗಾಳಿ ಎಣಿಕೆಗೆ ಸಿಗದು. ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್ ಮುಂತಾದ ಕಡೆಗಳ ಸ್ವಯಂಚಾಲಿತ ಕೇಂದ್ರಗಳದು ಇನ್ನೊಂದು. ನೈಟ್ರಿಕ್ ಆಕ್ಸೈಡ್ ಓಝೋನ್‌ನೊಡನೆ ಕೂಡಿದಾಗ ಹೊಮ್ಮುವ ಮಂದ ಬೆಳಕನ್ನು ಅಳೆಯುವ ಈ ಯಂತ್ರಗಳು ಹಗಲಿರುಳೂ ದುಡಿಯುತ್ತವೆ.

2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ನೈಟ್ರೋಜನ್ ಡೈಆಕ್ಸೈಡ್‌ನ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ, ಅಮೋನಿಯಾಕ್ಕೆ 100. ವಿಶ್ವ ಆರೋಗ್ಯ ಸಂಸ್ಥೆಯಾದರೋ 2021ರಲ್ಲಿ ನೈಟ್ರೋಜನ್ ಡೈಆಕ್ಸೈಡ್‌ನ ತನ್ನ ಮಾರ್ಗಸೂಚಿಯನ್ನು 40ರಿಂದ 10ಕ್ಕೆ ಇಳಿಸಿತು. ಆದ್ದರಿಂದ ‘ಮಿತಿಯೊಳಗಿದೆ’ ಎಂಬ ವರದಿಯನ್ನು ‘ಸುರಕ್ಷಿತ’ ಎಂದು ಓದಿಕೊಳ್ಳಲಾಗದು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡಗಳ ಜೊತೆಗೆ ನಿಮ್ಮ ನೆರೆಯ ಕಲಬುರಗಿಯೂ ಸೇರಿತು. ಆದರೆ ಅದರ ಗುರಿ ನಿಗದಿಯಾದದ್ದು ಕಣಗಳಿಗೆ ಮಾತ್ರ. ಸಾರಜನಕದ ಆಕ್ಸೈಡುಗಳು ಗಾಳಿಯಲ್ಲಿ ನೈಟ್ರಿಕ್ ಆಮ್ಲವಾಗಿ, ಅಮೋನಿಯಾದೊಡನೆ ಕೂಡಿ, ಸೂಕ್ಷ್ಮ ಕಣಗಳೇ ಆಗುತ್ತವೆ. ಇವನ್ನು ಬಿಟ್ಟು ಕಣಗಳನ್ನಷ್ಟೇ ಎಣಿಸುವುದು ಕಳೆಯ ಬೇರನ್ನುಳಿಸಿ ತಲೆ ಕೊಯ್ದಂತೆ.

ಇದು ಪಟ್ಟಣದವರ ಚಿಂತೆಯೆಂದು ನಾವು ಸುಮ್ಮನಿರುವಂತಿಲ್ಲ. ದಟ್ಟ ಸಂಚಾರದ ರಸ್ತೆಯಲ್ಲಿ ನೈಟ್ರಿಕ್ ಆಕ್ಸೈಡ್ ಓಝೋನನ್ನು ಕಬಳಿಸುತ್ತದೆ. ಅದೇ ಹೊಗೆ ಬಿಸಿಲಿನಲ್ಲಿ ಹಳ್ಳಿಗಳತ್ತ ತೇಲುವಾಗ ಓಝೋನ್ ಹೊಸದಾಗಿ ಉಂಟಾಗುತ್ತದೆ. ಅದು ಎಲೆಯ ರಂಧ್ರಗಳನ್ನು ಹೊಕ್ಕು ದ್ಯುತಿಸಂಶ್ಲೇಷಣೆಯನ್ನು ಕುಗ್ಗಿಸುತ್ತದೆ. ಸೋಯಾ, ಗೋಧಿಗಳಂಥ ಬೆಳೆಗಳಿಗೆ ಅದರ ಪೆಟ್ಟು ಹೆಚ್ಚು. ಮಾಪಕಗಳು ಬಹುಪಾಲು ನಗರಗಳಲ್ಲಿವೆ; ಬೆಳೆಯಿರುವುದು ಹೊಲದಲ್ಲಿ.

ನಮ್ಮ ಪಾಲಿನ ಲೆಕ್ಕವೂ ಇದೆ. ಯೂರಿಯಾದಲ್ಲಿ ಶೇಕಡ 46 ಸಾರಜನಕ. ಅದನ್ನು ಕ್ಷಾರಗುಣದ ಎರೆಮಣ್ಣಿನ ಮೇಲೆ ಹಾಗೆಯೇ ಎರಚಿದರೆ ಒಂದಂಶ ಅಮೋನಿಯಾ ಆಗಿ ಹಾರಿಹೋಗುತ್ತದೆ. ಹಣವೂ ಹೋಯಿತು, ಗಾಳಿಯೂ ಕೆಟ್ಟಿತು. ಮಣ್ಣು ಮುಚ್ಚಿ, ಕಂತುಗಳಲ್ಲಿ ಕೊಡಿ.

ಕಲಬುರಗಿಯ ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲಿಯೂ ಮಾಪನ ನಡೆಯಲಿ, ಅಂಕಿಗಳು ಕನ್ನಡದಲ್ಲಿ ಪಂಚಾಯಿತಿಗೆ ತಲುಪಲಿ ಎಂದು ಒತ್ತಾಯಿಸೋಣ. ಅಳೆಯದ ಗಾಳಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಅಳೆದ ಗಾಳಿಗೆ ಉತ್ತರ ಕೇಳುವ ಹಕ್ಕು ನಮಗಿರುತ್ತದೆ.