ಮೂತ್ರಪಿಂಡದ ಹರಳು: ಪಾಲಕರೊಡನೆ ಕೆಲವು ಮಾತು
(ಶತಮಾನೋತ್ಸವ ವರ್ಷದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ಶತಮಾನೋತ್ಸವದ ಸಭೆಯಲ್ಲಿ ಮೂತ್ರದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾಚಿಕೆಯಿಂದ ಮುಚ್ಚಿಟ್ಟುಕೊಂಡ ಮಾತೇ ಇಲ್ಲಿ ಅರ್ಧ ರೋಗ, ಆದುದರಿಂದ ಆಡಲೇಬೇಕಾಗಿದೆ. ಅಕ್ಕಲಕೋಟ, ಜತ್ತ, ಸೊಲ್ಲಾಪುರದ ನಮ್ಮ ಸೀಮೆಯಲ್ಲಿ ಈ ಬೇನೆಯ ಹೆಸರು ಕೇಳದ ಮನೆ ವಿರಳ. ದವಾಖಾನೆಯಲ್ಲಿ ಮರಾಠಿಯಲ್ಲಿ ‘ಮುತಖಡಾ’ ಎನ್ನುತ್ತಾರೆ, ನಾವು ಹರಳು ಎನ್ನುತ್ತೇವೆ. ಸುಶ್ರುತ ಸಂಹಿತೆಯು ‘ಅಶ್ಮರೀ’ ಎಂದು ಕರೆದು, ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮವನ್ನೂ ವಿವರಿಸಿದೆ.

ಬೆನ್ನಿನ ಇಬ್ಬದಿಗೆ ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿವೆ. ಅವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬಹುಪಾಲನ್ನು ದೇಹಕ್ಕೇ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಹಾಕುತ್ತವೆ. ಅದರಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮೊದಲಾದವು ಕರಗಿರುತ್ತವೆ. ಸಕ್ಕರೆಯ ಪಾಕ ಗಟ್ಟಿಯಾದಾಗ ಪಾತ್ರೆಯ ಅಂಚಿಗೆ ಹರಳು ಕಟ್ಟುವುದನ್ನು ತಾಯಂದಿರು ಬಲ್ಲರು. ನೀರು ಸಾಲದಾದಾಗ ದೇಹದೊಳಗೆ ನಡೆಯುವುದೂ ಬಹುಮಟ್ಟಿಗೆ ಅದೇ. ನಮ್ಮ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ; ಹೊಲದಲ್ಲಿ ದುಡಿಯುವವರು, ಮಗ್ಗದ ಮುಂದೆ ನಿಲ್ಲುವವರು ಕುಡಿದದ್ದೆಲ್ಲ ಬೆವರಾಗಿ ಹೋಗುತ್ತದೆ.

ಮೂತ್ರಪಿಂಡದಲ್ಲಿ ಸುಮ್ಮನೆ ಕುಳಿತ ಹರಳು ವರ್ಷಗಟ್ಟಲೆ ತೋರದೆ ಇರಬಹುದು. ನಾಳಕ್ಕೆ ಜಾರಿದಾಗ ಪಕ್ಕೆಯಿಂದ ತೊಡೆಸಂದಿಯವರೆಗೆ ಅಲೆಅಲೆಯಾಗಿ ನೋವು, ವಾಂತಿ, ಕೆಲವೊಮ್ಮೆ ಮೂತ್ರದಲ್ಲಿ ರಕ್ತ. 5 ಮಿಲಿಮೀಟರಿಗಿಂತ ಚಿಕ್ಕವು ಹೆಚ್ಚಾಗಿ ತಾವಾಗಿಯೇ ಹೊರಬೀಳುತ್ತವೆ. ಆದರೆ ನೋವು ನಿಂತಿತೆಂದರೆ ಹರಳು ಹೋಯಿತೆಂದು ಅರ್ಥವಲ್ಲ. ನಾಳವನ್ನು ಕಟ್ಟಿ ಕುಳಿತ ಹರಳು ನೋವಿಲ್ಲದೆಯೇ ಆ ಮೂತ್ರಪಿಂಡವನ್ನು ಕೆಡಿಸಿಬಿಡಬಲ್ಲದು. ಆದಕಾರಣ ಮರುಪರೀಕ್ಷೆ ತಪ್ಪಿಸಬಾರದು. ನೋವಿನೊಡನೆ ಚಳಿಜ್ವರ ಬಂದರೆ ಅಥವಾ ಮೂತ್ರವೇ ನಿಂತರೆ, ಆ ಕ್ಷಣವೇ ದವಾಖಾನೆಗೆ ಹೋಗತಕ್ಕದ್ದು. ಕಷಾಯ ಕುಡಿಸುತ್ತ ಬೆಳಗು ಕಾಯುವ ಹೊತ್ತಲ್ಲ ಅದು.

ಹರಳೆಂದ ಕೂಡಲೇ ಹಾಲು ಮೊಸರು ಬಿಡಿಸುವ ರೂಢಿ ನಮ್ಮಲ್ಲಿದೆ. ಇದು ತಿರುವುಮುರುವಾದ ತಿಳಿವಳಿಕೆ. ಊಟದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಸಾಗಿಸುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳಗಳೂ ಅದರಲ್ಲಿ ಬಂದವು. ಶೇಂಗಾದಲ್ಲಿ ಆಕ್ಸಲೇಟ್ ಇದೆ ನಿಜ, ಆದರೆ ಸೊಲ್ಲಾಪುರ ಸೀಮೆಯವರಿಗೆ ಶೇಂಗಾ ಹಿಂಡಿ ಬಿಡಿರೆಂದು ಹೇಳುವ ಧೈರ್ಯ ನಮಗಿಲ್ಲ! ಒಮ್ಮೆ ಹರಳು ಕಂಡವರು ಕೈ ಬಿಗಿಹಿಡಿದು ಬಡಿಸಿಕೊಳ್ಳಲಿ, ಜೊತೆಗೆ ಮೊಸರಿರಲಿ. ಅಂಥವರು ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕೆಂಬುದು ವೈದ್ಯರ ಸಲಹೆ.

ಇನ್ನು ನಮ್ಮ ಮಕ್ಕಳ ಮಾತು. ದೊಡ್ಡವರಷ್ಟು ಅಲ್ಲದಿದ್ದರೂ ಮಕ್ಕಳಲ್ಲಿಯೂ ಹರಳು ಆಗುತ್ತದೆ. ನೀರು ಕುಡಿಯದಿರುವ ಅಭ್ಯಾಸವಂತೂ ಈ ವಯಸ್ಸಿನಲ್ಲೇ ಬೇರೂರುತ್ತದೆ. ಹೆಣ್ಣುಮಕ್ಕಳ ಬಾಟಲಿಗಳನ್ನು ನಮ್ಮ ಶಿಕ್ಷಕಿಯರು ಒಂದು ವಾರ ಗಮನಿಸಿದರು. ಬೆಳಗ್ಗೆ ತುಂಬಿ ಬಂದವು ಸಂಜೆ ಅರ್ಧವೂ ಇಳಿಯದೆ ಮನೆಗೆ ಮರಳುತ್ತಿದ್ದವು. ಕೇಳಿದಾಗ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು, ‘ನೀರು ಕುಡದ್ರ ಹೋಗಬೇಕಾಗ್ತದಲ್ರೀ ಅಕ್ಕೋರ’ ಎಂದಳು. ಮಧ್ಯಂತರದ ಹತ್ತು ನಿಮಿಷದಲ್ಲಿ ಅಷ್ಟು ಹುಡುಗಿಯರು ಎರಡೇ ಬಾಗಿಲುಗಳ ಮುಂದೆ ಸಾಲು ನಿಲ್ಲಬೇಕು. ಮೂತ್ರ ಕಟ್ಟಿಹಿಡಿಯುವುದರಿಂದ ಸೋಂಕು, ಸೋಂಕಿನಿಂದಲೂ ಒಂದು ಬಗೆಯ ಹರಳು. ಹೀಗಿರಲು ‘ನೀರು ಕುಡಿಯಿರಿ’ ಎಂಬ ಉಪದೇಶವಷ್ಟೇ ಆ ಮಕ್ಕಳ ಕಿವಿಗೆ ಹೋದೀತೇ?

ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರಿನ ಗಂಟೆ ಬಾರಿಸುವ ಪದ್ಧತಿ ಆರಂಭವಾಯಿತು. ಈ ಸೋಮವಾರದಿಂದ ನಾವೂ ದಿನಕ್ಕೆ ಮೂರು ಸಲ ಬಾರಿಸಲಿದ್ದೇವೆ. ಅವಧಿಯ ನಡುವೆ ಕೈಯೆತ್ತಿ ಕೇಳಿದ ಮಗುವನ್ನು ತಡೆಯಬಾರದೆಂದು ಗುರುಬಳಗದಲ್ಲಿ ನಿಶ್ಚಯಿಸಿದ್ದೇವೆ. ಶತಮಾನೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸಲು ಮುಂದೆ ಬಂದಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಕಮಾನು ಒಂದು ವರ್ಷ ತಡೆಯಲಿ. ಮೊದಲು ಹೆಣ್ಣುಮಕ್ಕಳಿಗೆ ಚಿಲಕವಿರುವ, ನೀರು ಬರುವ ಆರು ಶೌಚಾಲಯಗಳಾಗಲಿ. ಅವುಗಳ ಸ್ವಚ್ಛತೆಯ ಮೇಲ್ವಿಚಾರಣೆಗೆ ವಾರಕ್ಕೊಮ್ಮೆ ಬರಬಲ್ಲ ತಾಯಂದಿರು ಬೇಕಾಗಿದ್ದಾರೆ; ಸಭೆ ಮುಗಿದ ಮೇಲೆ ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇವೆ.