ಅಂಗಡಿಯ ಬೆಳ್ಳುಳ್ಳಿ, ಮನೆಯ ಕುಂಡ



ಅಡುಗೆಮನೆಯ ಬುಟ್ಟಿಯಲ್ಲಿ ಮರೆತು ಬಿಟ್ಟ ಬೆಳ್ಳುಳ್ಳಿಯ ತುದಿಯಲ್ಲಿ ಹಸಿರು ಮೊಳಕೆ ಇಣುಕುವುದನ್ನು ನೀವೆಲ್ಲರೂ ನೋಡಿದ್ದೀರಿ. ಅದನ್ನು ಎಸೆಯುವ ಬದಲು ಮಣ್ಣಿಗೆ ಊರಿದರೆ ಗಿಡವಾಗುತ್ತದೆಯೇ ಎಂದು ಕೇಳಿದರೆ, ಖಂಡಿತ ಆಗುತ್ತದೆ. ಗಡ್ಡೆಯಾಗುತ್ತದೆಯೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಇಂದಿನ ನನ್ನ ಮಾತು ಈ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

2024ರಲ್ಲಿ ಬೆಳ್ಳುಳ್ಳಿಯ ಚಿಲ್ಲರೆ ಬೆಲೆ ಹಲವು ಊರುಗಳಲ್ಲಿ ಕಿಲೋಗೆ 400 ರೂಪಾಯಿ ಮುಟ್ಟಿತ್ತು. ಹಾಗಾದರೆ ಮನೆಯಲ್ಲೇ ಬೆಳೆದುಕೊಂಡರೆ ಲಾಭವಲ್ಲವೇ? ಲೆಕ್ಕ ಹಾಕಿ ನೋಡೋಣ. ಒಂದು ಅಡಿ ಅಗಲದ ಕುಂಡದಲ್ಲಿ ಆರೇಳು ಎಸಳಿಗಿಂತ ಹೆಚ್ಚು ಹಿಡಿಸದು. ಏಳೂ ಚೆನ್ನಾಗಿ ಬೆಳೆದು ತಲಾ 20 ಗ್ರಾಂ ತೂಗಿದರೆ, ನಾಲ್ಕು ತಿಂಗಳ ಆರೈಕೆಗೆ ಸಿಗುವುದು 140 ಗ್ರಾಂ. ಒಗ್ಗರಣೆಗೆ ಅದು ಎಷ್ಟು ದಿನ ಬಂದೀತು? ಉಳಿತಾಯದ ಆಸೆಯಿಂದ ಹೊರಟವರು ಇಲ್ಲಿಗೇ ನಿಲ್ಲಬಹುದು. ಕುತೂಹಲ ಇದ್ದವರು ಮುಂದೆ ಬನ್ನಿ.

ಬೆಳ್ಳುಳ್ಳಿಯ ಎಸಳು ಬೀಜವಲ್ಲ, ಅದೊಂದು ಮೊಗ್ಗು. ಒಂದು ಎಸಳನ್ನು ಉದ್ದಕ್ಕೆ ಸೀಳಿ ನೋಡಿ. ಹೊರಗೆ ಒಣಗಿದ ಸಿಪ್ಪೆ. ಅದರೊಳಗಿನ ದಪ್ಪ ಬಿಳಿಯ ಭಾಗ, ಅಂದರೆ ನಾವು ತಿನ್ನುವ ಭಾಗ, ಆಹಾರ ತುಂಬಿಕೊಂಡ ಒಂದು ಎಲೆ. ನಟ್ಟನಡುವೆ ಪುಟ್ಟ ಮೊಳಕೆ. ಬುಡದಲ್ಲಿ ಚಪ್ಪಟೆ ಬಿಲ್ಲೆಯಂತಿರುವುದೇ ಕಾಂಡ. ಬೇರುಗಳು ಹೊರಡುವುದು ಅಲ್ಲಿಂದ. ಸೀಳುವಾಗ ಮೂಗಿಗೆ ಬಡಿಯುವ ಘಾಟು ಮಾತ್ರ ಇಡೀ ಎಸಳಿನಲ್ಲಿ ಇರುವುದಿಲ್ಲ. ಅಲೀನ್ ಎಂಬ ವಾಸನೆಯಿಲ್ಲದ ವಸ್ತುವೂ ಅಲೀನೇಸ್ ಎಂಬ ಕಿಣ್ವವೂ ಬೇರೆ ಬೇರೆಯಾಗಿ ಕುಳಿತಿರುತ್ತವೆ. ಕತ್ತಿ ತಾಗಿ ಜೀವಕೋಶಗಳು ಒಡೆದಾಗ ಎರಡೂ ಕೂಡಿ ಅಲಿಸಿನ್ ಹುಟ್ಟುತ್ತದೆ. ಅದರ ಕಥೆ ಇನ್ನೊಂದು ದಿನಕ್ಕಿರಲಿ.

ನಾವು ಬೆಳೆಯುವ ಬೆಳ್ಳುಳ್ಳಿ ಬೀಜ ಕಟ್ಟುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಇದರ ತವರು ಮಧ್ಯ ಏಷ್ಯಾ. ಆ ಭಾಗದಿಂದ ತಂದ ಕೆಲವು ಗಿಡಗಳು ಬೀಜ ಕಟ್ಟಬಲ್ಲವು ಎಂಬುದನ್ನು 1980ರ ದಶಕದಲ್ಲಿ ಜಪಾನಿನ ವಿಜ್ಞಾನಿ ಎತೋ ತೋರಿಸಿಕೊಟ್ಟರು. ಮಿಕ್ಕಂತೆ ಎಸಳಿನಿಂದ ಗಿಡ, ಗಿಡದಿಂದ ಎಸಳು, ಹೀಗೆಯೇ ಶತಮಾನಗಳು ಉರುಳಿವೆ. ಎಂದಮೇಲೆ ನಿಮ್ಮ ಕುಂಡದಲ್ಲಿ ಏಳುವುದು ಹಳೆಯ ಗಿಡದ ಮಗುವಲ್ಲ, ಅದೇ ಗಿಡದ ಒಂದು ತುಂಡು. ತವರಿನ ಅಭ್ಯಾಸಗಳನ್ನೂ ತವರಿನ ರೋಗಗಳನ್ನೂ ಅದು ಜೊತೆಗೇ ಹೊತ್ತು ತರುತ್ತದೆ.

ಮೊದಲು ಅಭ್ಯಾಸದ ಮಾತು. ಎಸಳಿನಿಂದ ಎದ್ದ ಗಿಡ ಮೊದಲು ಬರೀ ಎಲೆ ಬಿಡುತ್ತದೆ. ಒಳಗಿನ ಎಲೆಗಳ ಕಂಕುಳಲ್ಲಿ ಪುಟ್ಟ ಮೊಗ್ಗುಗಳು ಮೂಡಿ ಊದಿಕೊಂಡಾಗಲೇ ಅವು ಎಸಳುಗಳಾಗುವುದು. ಹಾಗೆ ಮೊಗ್ಗು ಮೂಡಲು ಕೆಲವು ವಾರಗಳ ಚಳಿ ಬೇಕು. ಊದಿಕೊಳ್ಳಲು ಹಗಲು ಬೆಳೆಯಬೇಕು, ಬಿಸಿಲು ಏರಬೇಕು. ಎಷ್ಟು ಚಳಿ, ಎಷ್ಟು ಹಗಲು ಎಂಬುದು ತಳಿಯಿಂದ ತಳಿಗೆ ಬೇರೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು 11 ಗಂಟೆ 20 ನಿಮಿಷದಷ್ಟು. ಹಿಮಾಚಲದ ಬೆಟ್ಟಗಳ ದಪ್ಪ ಎಸಳಿನ ಬೆಳ್ಳುಳ್ಳಿಗೆ ಇದಕ್ಕಿಂತ ದೀರ್ಘ ಹಗಲಿನ ರೂಢಿ. ಅದನ್ನು ನೆಟ್ಟರೆ ಸೊಗಸಾದ ಹಸಿರು ಗರಿಗಳು ಬರುತ್ತವೆ, ಕಿತ್ತು ನೋಡಿದರೆ ಬುಡದಲ್ಲಿ ಈರುಳ್ಳಿ ಸೊಪ್ಪಿನ ಬುಡದಂಥದ್ದು ಏನೋ ಇರುತ್ತದೆ. ಗದಗ ಸೀಮೆಯ ಚಿಕ್ಕ ಎಸಳಿನ ಬೆಳ್ಳುಳ್ಳಿ ನೋಡಲು ಬಡಕಲು; ಆದರೆ ನಮ್ಮ ಹಗಲು, ನಮ್ಮ ಚಳಿ ಅದಕ್ಕೆ ಗೊತ್ತು. ಆದುದರಿಂದ ಅಂಗಡಿಯವರನ್ನು ಬೆಲೆಗಿಂತ ಮೊದಲು ಊರು ಕೇಳಿ.

ಇದನ್ನು ಬಾಯಿಮಾತಾಗಿ ನಂಬಬೇಡಿ, ಪ್ರಯೋಗ ಮಾಡಿ. ಸೆಪ್ಟೆಂಬರ್ ಕೊನೆಗೆ ಒಂದೇ ಕಡೆಯ ಗಟ್ಟಿಯಾದ ನಾಲ್ಕು ಗಡ್ಡೆಗಳನ್ನು ತನ್ನಿ. ಎರಡನ್ನು ಬಿಡಿಸದೆ ಕಾಗದದ ಚೀಲದಲ್ಲಿಟ್ಟು ಐದು ವಾರ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಮಂಜುಗಟ್ಟುವ ಅರೆಯಲ್ಲಲ್ಲ! ಉಳಿದೆರಡು ಅಷ್ಟೇ ದಿನ ಅಡುಗೆಮನೆಯಲ್ಲಿರಲಿ. ನವೆಂಬರ್ ಮೊದಲಲ್ಲಿ ಎರಡನ್ನೂ ಒಂದೇ ದಿನ, ಒಂದೇ ಬಗೆಯ ಮಣ್ಣಿನ ಎರಡು ಕುಂಡಗಳಲ್ಲಿ ನೆಡಿ. ದಪ್ಪ ಎಸಳು ದಪ್ಪ ಗಡ್ಡೆ ಕೊಡುತ್ತದೆ. ಒಂದು ಕುಂಡಕ್ಕೆ ದಪ್ಪವೂ ಇನ್ನೊಂದಕ್ಕೆ ಸಣ್ಣವೂ ಹೋದರೆ ನೀವು ಅಳೆದದ್ದು ಚಳಿಯನ್ನಲ್ಲ, ಎಸಳಿನ ಗಾತ್ರವನ್ನು. ಎಸಳನ್ನು ತೂಗಿ ಹೊಂದಿಸಿಕೊಳ್ಳಿ.

ನೆಡುವ ಕ್ರಮ ಕಷ್ಟದ್ದಲ್ಲ. ಸಿಪ್ಪೆ ಸುಲಿಯಬಾರದು. ಚಪ್ಪಟೆ ಬುಡ ಕೆಳಗೆ, ಚೂಪು ತುದಿ ಮೇಲೆ, ಮೂರು ಸೆಂಟಿಮೀಟರ್ ಆಳ, ಎಸಳಿಗೆಸಳಿಗೆ ಹತ್ತು ಸೆಂಟಿಮೀಟರ್ ಅಂತರ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಸಮ. ಕುಂಡದ ತಳದಲ್ಲಿ ನೀರು ನಿಲ್ಲಬಾರದು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಒಂದೆರಡು ವಾರದಲ್ಲಿ ಚಿಗುರು ಕಾಣುತ್ತದೆ.

ನನ್ನ ವೃತ್ತಿಯ ಒಂದು ಮಾತು ಇಲ್ಲಿ ಹೇಳಬೇಕು. ಗಂಟೆಗೊಂದು ಚಿತ್ರದಂತೆ 120 ದಿನ ತೆಗೆದರೆ 2880 ಚಿತ್ರಗಳಾಗುತ್ತವೆ. ಸೆಕೆಂಡಿಗೆ 25 ಚಿತ್ರದಂತೆ ತೋರಿಸಿದರೆ ಎರಡು ನಿಮಿಷದೊಳಗೆ ಬೆಳೆಯೇ ಮುಗಿದುಹೋಗುತ್ತದೆ! ನೋಡಲು ಚಂದ. ಆದರೆ ಎಸಳು ಒಡೆಯುವ ಕೆಲಸ ನಡೆಯುವುದು ಮಣ್ಣಿನೊಳಗೆ, ಕ್ಯಾಮೆರಾಕ್ಕೆ ಅದು ಕಾಣದು. ನೀವಾದರೋ ಮೂರು ವಾರಕ್ಕೊಂದು ಗಿಡ ಕಿತ್ತು, ಅಡ್ಡ ಸೀಳಿ, ಮೊಗ್ಗು ಮೂಡಿದೆಯೇ ಎಂದು ನೋಡಿ ಬರೆದಿಡಬಹುದು.

ಇನ್ನು ರೋಗದ ಮಾತು. ಹಳ್ಳಿಯಲ್ಲಿರುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ತಿನ್ನಲು ಮಾರುವ ಗಡ್ಡೆಯನ್ನು ಯಾರೂ ಬಿತ್ತನೆಗೆಂದು ಪರೀಕ್ಷಿಸಿರುವುದಿಲ್ಲ. ಎಸಳಿನಿಂದಲೇ ವಂಶ ಬೆಳೆಯುವುದರಿಂದ ವೈರಸ್ಸುಗಳು ಪೀಳಿಗೆಯಿಂದ ಪೀಳಿಗೆಗೆ ಹಾಗೆಯೇ ಸಾಗಿ ಬರುತ್ತವೆ. ಅದಕ್ಕಿಂತ ಕೆಟ್ಟದ್ದು ಬಿಳಿ ಕೊಳೆರೋಗದ ಶಿಲೀಂಧ್ರ. ಗಸಗಸೆ ಕಾಳಿನಂಥ ಅದರ ಕಪ್ಪು ಗುಳಿಗೆಗಳು ತಂಪು ಸೀಮೆಯ ಮಣ್ಣಿನಲ್ಲಿ 20 ವರ್ಷವಾದರೂ ಜೀವ ಹಿಡಿದು ಕಾಯಬಲ್ಲವು. ಈರುಳ್ಳಿ ಅಥವಾ ಬೆಳ್ಳುಳ್ಳಿಯ ಬೇರಿನ ವಾಸನೆ ಹತ್ತಿದೊಡನೆ ಏಳುತ್ತವೆ. ಶಿಲೀಂಧ್ರದ ಭಯದಿಂದಲೇ ಭಾರತ 2014ರಲ್ಲಿ ಚೀನಾದ ಬೆಳ್ಳುಳ್ಳಿಯ ಆಮದನ್ನು ನಿಷೇಧಿಸಿತು. ನಿಮ್ಮ ಪ್ರಯೋಗ ಕುಂಡದಲ್ಲೇ ಇರಲಿ. ಅಪ್ಪನ ಈರುಳ್ಳಿ ಹೊಲದ ಮೂಲೆಯಲ್ಲಿ ನಾಲ್ಕು ಎಸಳು ಊರಿ ನೋಡುವ ಆಸೆ ಬೇಡ; ಪ್ರಯೋಗ ಮುಗಿದ ಮೇಲೆ ಕುಂಡದ ಮಣ್ಣನ್ನೂ ಹೊಲಕ್ಕೆ ಸುರಿಯಬೇಡಿ. ಹೊಲಕ್ಕೇ ಹಾಕುವುದಾದರೆ ಕೃಷಿ ಸಂಸ್ಥೆಗಳ ಬಿತ್ತನೆ ಗಡ್ಡೆಯನ್ನೇ ತರಿಸಿಕೊಳ್ಳಿ.

ಮಾರ್ಚ್ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾದಾಗ ನೀರು ನಿಲ್ಲಿಸಿ. ಅರ್ಧದಷ್ಟು ಎಲೆ ಒಣಗಿದ ಮೇಲೆ ಕಿತ್ತು, ಎಲೆ ಸಮೇತ ನೆರಳಲ್ಲಿ ಹದಿನೈದು ದಿನ ಒಣಗಿಸಿ, ಎಸಳು ಎಣಿಸಿ, ತೂಗಿ. ಚಳಿ ತಿಂದ ಕುಂಡದಲ್ಲಿ ಎಸಳುಗಳು ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಚಳಿ ವಿಪರೀತವಾಗಿದ್ದರೆ ಪಕ್ಕದಿಂದ ಅಡ್ಡಾದಿಡ್ಡಿ ಚಿಗುರೊಡೆದು ಗಡ್ಡೆ ಕೆಟ್ಟಿರಲೂಬಹುದು. ಇನ್ನೊಂದು ಕುಂಡದಲ್ಲಿ ಒಡೆಯದೆ ದುಂಡಗೆ ಉಳಿದ ಒಂಟಿ ಗಡ್ಡೆಗಳು ಸಿಗಬಹುದು. ಬೆಳೆ ಕೆಟ್ಟಿತೆಂದು ಅವನ್ನು ಒಗ್ಗರಣೆಗೆ ಹಾಕಬೇಡಿ. ಗಾಳಿಯಾಡುವ ಬುಟ್ಟಿಯಲ್ಲಿ ಜೋಪಾನ ಮಾಡಿ, ಮುಂದಿನ ನವೆಂಬರ್‌ನಲ್ಲಿ ಅವನ್ನೇ ಮತ್ತೆ ಕುಂಡಕ್ಕೆ ಊರಿ. ಎಸಳಿಗಿಂತ ಹೆಚ್ಚು ಆಹಾರ ತುಂಬಿಕೊಂಡ ಒಂಟಿ ಗಡ್ಡೆ, ಎರಡನೆಯ ವರ್ಷ ಹಲವು ಎಸಳುಗಳಾಗಿ ಒಡೆಯುವ ಸಂಭವ ಹೆಚ್ಚು.